ಒಕ್ಕಲಿಗೊಂದು ಗುಡ್ಡೆಯೋ, ತಲೆಗೊಂದು ಪಾಲೋ?

ದುಡ್ಡಿಲ್ಲದ ಕಷ್ಟ ಯಾರಿಗೆ ಗೊತ್ತಿಲ್ಲ ಹೇಳಿ? ಆದರೆ ದುಡ್ಡು ಬಂದು ಕಷ್ಟಕ್ಕೆ ಸಿಕ್ಕಿಕೊಂಡ ಊರೂ ಒಂದಿದೆ. ಕಿಕ್ಕೇರಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುವ ಅರಳಿಕೊಪ್ಪಲು. ತೊಂಬತ್ತೇಳನೇ ಇಸವಿ, ಯುಗಾದಿಗೆ ಇನ್ನೆಂಟು ದಿನ ಇದೆ ಎನ್ನುವಾಗ ಆ ಊರಿಗೆ ಈ ಕಷ್ಟ ಬಂತು.

ಆಗಿದ್ದಿಷ್ಟೇ. ಎರಡು ವರ್ಷ ಸತತವಾಗಿ ಒಳ್ಳೆ ಮಳೆಯಾಗಿ ಊರ ಕೆರೆ ಕೋಡಿ ಬಿದ್ದಿತ್ತು. ಮೀನು ಮೊಳದುದ್ದ ಬೆಳೆದಿದ್ದವು. ಬೇರೆ ವರ್ಷ ಆರೇಳು ಸಾವಿರಕ್ಕೆ ಹೋಗುತ್ತಿದ್ದ ಮೀನಿನ ಹರಾಜು ಈ ಸಲ ಎಪ್ಪತ್ತೆರಡು ಸಾವಿರಕ್ಕೆ ನಿಂತಿತು! ಅರ್ಧ ದುಡ್ಡು ಈಗಲೇ, ಇನ್ನರ್ಧ ಮೀನು ಹಿಡಿದು ಮುಗಿಸಿದ ಮೇಲೆ ಎಂದು ಮಾತಾಯಿತು. ಹರಾಜು ಕೂಗಿದ ಊರ ಯಜಮಾನ ಕೆಂಪಣ್ಣನಿಗೆ ಸಂತೋಷಕ್ಕೆ ಗಂಟಲೇ ಕಟ್ಟಿಹೋಯಿತು.

ಕೆಂಪಣ್ಣನ ಗಂಟಲು ಕಟ್ಟುವುದೆಂದರೆ ಸಣ್ಣ ವಿಷಯವಲ್ಲ. ಆಚೆ ಬೀದಿಯಲ್ಲಿ ಅವನು ಕೆಮ್ಮಿದರೆ ಈಚೆ ಬೀದಿಯ ಎಮ್ಮೆ ತಲೆ ಎತ್ತುತ್ತಿತ್ತು. ನಾಲೆ ಬಯಲಿನಲ್ಲಿ ಐದೆಕರೆ ಜಮೀನು, ಅದರಲ್ಲೊಂದು ಎಕರೆ ಕಡಿಯಲು ಬಂದ ಕಬ್ಬು, ಕೊಟ್ಟಿಗೆಯಲ್ಲಿ ಕರೆಯುವ ಹಸು. ಮನಸ್ಸು ಕೆಟ್ಟದ್ದಲ್ಲ, ಬಾಯಿ ಮಾತ್ರ ಮನಸ್ಸಿಗಿಂತ ಎರಡು ಹೆಜ್ಜೆ ಮುಂದೆ.

ಅವತ್ತು ಸಂಜೆ ಅರಳಿಕಟ್ಟೆಯ ಮೇಲೆ ಊರು ಸೇರಿತು. ದೇವಸ್ಥಾನಕ್ಕೆ ಬಣ್ಣ ಹೊಡೆಸೋಣ ಎಂದರು ಕೆಲವರು. ಮೈಕ್ ಸೆಟ್ಟು ತರೋಣ ಎಂದರು ಹುಡುಗರು. ಆಗ ಅಂಗನವಾಡಿ ಟೀಚರು ಪಾರ್ವತಮ್ಮ ಎದ್ದು ನಿಂತಳು. ದಿನಾ ರೇಡಿಯೋ ಕೇಳುವವಳು, ಪೇಪರು ಸಿಕ್ಕಿದರೆ ಕೊನೆಯ ಸಾಲಿನವರೆಗೂ ಓದುವವಳು.

"ಕೆಂಪಣ್ಣನೋರೆ, ಈ ದುಡ್ಡ ಊರೋರ್ಗೆಲ್ಲಾ ಸಮವಾಗಿ ಅಂಚ್ಬುಡನ. ಅರ್ಜಿ ಬರೀಬೇಕಾಗಿಲ್ಲ, ಯಾರ್ ಕಾಲೂ ಇಡೀಬೇಕಾಗಿಲ್ಲ. ಈ ಊರಲ್ಲಿ ಬಾಳ್ತಾ ಇರೋದಕ್ಕೆ ಒಂದು ಪಾಲು."

ಕೆಂಪಣ್ಣ ಗಹಗಹಿಸಿ ನಕ್ಕ. "ಏನ್ ಟೀಚರಮ್ಮ, ಮಕ್ಳಿಗೆ ಉಪ್ಪಿಟ್ಟು ಅಂಚ್ದಂಗೆ ಅನ್ಕಂಡೇನವ್ವಾ? ಬಿಸ್ಲಲ್ಲಿ ಗೇಯೋನ್ಗೂ ಒಂದೇ, ಗೋಡೆ ಒರಗಿ ಬೀಡಿ ಸೇದೋನ್ಗೂ ಒಂದೇನಾ? ಕೂತಲ್ಗೇ ಕಾಸು ಬಂದ್ರೆ ನಾಳೆ ಒಬ್ನೂ ಕ್ಯಾಮೆಗೆ ಬರಾಕಿಲ್ಲ. ಆಮೇಲೆ ನನ್ ಕಬ್ಬ ನಿನ್ ಅಂಗನವಾಡಿ ಮಕ್ಳು ಕಡೀತಾವಾ?"

ಜನ ನಕ್ಕರು. ಪಾರ್ವತಮ್ಮನೂ ನಕ್ಕಳು. ನಕ್ಕು, ಮೆತ್ತಗೆ ಕೇಳಿದಳು: "ಮಾರಮ್ಮನ ಅಬ್ಬದಲ್ಲಿ ಊರೊಟ್ಟಿನ ಕುರಿ ಕಡ್ದಾಗ ಗುಡ್ಡೆ ಆಕೋರು ಯಾರು?"

"ನಾನೇ! ಇನ್ಯಾರು?" ಕೆಂಪಣ್ಣನ ಎದೆ ಉಬ್ಬಿತು.

ಉಬ್ಬಬೇಕಾದದ್ದೇ. ಗುಡ್ಡೆ ಹಾಕುವುದರಲ್ಲಿ ಅವನನ್ನು ಮೀರಿಸಿದವರು ಸುತ್ತ ಹತ್ತು ಹಳ್ಳಿಯಲ್ಲಿಲ್ಲ. ಊರಿನ ಎಂಬತ್ತು ಒಕ್ಕಲಿಗೆ, ಅಂದರೆ ಎಂಬತ್ತು ಮನೆಗೆ, ಎಂಬತ್ತು ಗುಡ್ಡೆ. ಒಂದೊಂದರಲ್ಲೂ ಅಷ್ಟಷ್ಟೇ ಮೆತ್ತನೆ ಬಾಡು, ಅಷ್ಟಷ್ಟೇ ಮೂಳೆ, ಚೂರೇ ಚೂರು ಈಲಿ, ಅಂದರೆ ಲಿವರು. ತಕ್ಕಡಿ ಇಲ್ಲ, ಕಣ್ಣಳತೆಯೇ ಅಳತೆ. ಆಮೇಲೆ ಒಬ್ಬ ಹಿರಿಯ ಗುಡ್ಡೆಗಳಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಕೆಂಪಣ್ಣ ಒಂದು ಗುಡ್ಡೆ ಮುಟ್ಟಿ "ಇದ್ಯಾರ್ಗೆ?" ಅನ್ನುತ್ತಾನೆ. ಬೆನ್ನು ಮಾಡಿದವನು ಬಾಯಿಗೆ ಬಂದ ಒಂದು ಮನೆಯ ಹೆಸರು ಹೇಳುತ್ತಾನೆ. ನನಗೆ ಕಮ್ಮಿ ಬಂತು ಎನ್ನಲು ಯಾರಿಗೂ ಬಾಯಿಯೇ ಇರುವುದಿಲ್ಲ.

"ಅವತ್ತು ನೀವು, ಇವ್ನು ಗೇಯ್ತಾನಾ, ಇವ್ನು ಸೋಮಾರಿನಾ ಅಂತ ಕೇಳಿ ಗುಡ್ಡೆ ಆಕ್ತೀರಾ?" ಎಂದಳು ಪಾರ್ವತಮ್ಮ.

"ಅದು ಬಾಡು ಕಣವ್ವಾ. ಇದು ದುಡ್ಡು."

"ಕೆರೆ ಊಳು ಎತ್ತೋವಾಗ ಮನೆಗೊಂದಾಳು ಬರ್ಬೇಕು ಅಂತ ಸಾರ್ಸಿದ್ದೂ ನೀವೇ. ಊಳು ಎತ್ತಕ್ಕೆ ಎಲ್ಲಾರ್ ಕೈಯೂ ಬೇಕಿತ್ತು. ಮೀನಿನ ದುಡ್ಡಿಗೆ ಬ್ಯಾಡ್ವಾ?"

ಕಟ್ಟೆ ಕೆಳಗಿದ್ದ ಹೆಂಗಸರು "ಅಂಗೇಳು ಪಾರ್ವತಕ್ಕ!" ಎಂದು ಕೂಗಿದರು. ಕೆಂಪಣ್ಣನಿಗೆ ತನ್ನ ಕೈಯ ಮರ್ಯಾದೆಯೇ ತನಗೆ ಅಡ್ಡ ನಿಂತಂತಾಯಿತು. ಊರ ಮುಂದೆ ಗುಡ್ಡೆ ಬೇಡ ಅನ್ನುವುದು ಹೇಗೆ?

"ಆಯ್ತು ಕಣ್ರಪ್ಪಾ. ಗುಡ್ಡೆ ಅಂದ್ಮೇಲೆ ಗುಡ್ಡೆನೇ. ಒಕ್ಕಲಿಗೊಂದು ಗುಡ್ಡೆ, ಮನೆ ಯಜಮಾನನ ಕೈಗೆ. ವರ್ಸದ ತೊಡಕಿನ ದಿನ ಅಂಚ್ತೀನಿ."

"ಒಕ್ಕಲಿಗೆ ಅಲ್ಲ, ತಲೆಗೆ..." ಎಂದು ಪಾರ್ವತಮ್ಮ ಏನೋ ಹೇಳಹೊರಟಳು. ಚಪ್ಪಾಳೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಯುಗಾದಿಯ ಮಾರನೇ ದಿನವೇ ವರ್ಷದ ತೊಡಕು. ಮನೆ ಮನೆಯಲ್ಲೂ ಬಾಡಿನ ಎಸರು ಕುದಿಯುತ್ತಿತ್ತು. ಕಟ್ಟೆಯ ಮುಂದೆ ಎಂಬತ್ತು ಮುತ್ತುಗದ ಎಲೆ, ಎಲೆ ಮೇಲೆ ನೋಟು, ಗಾಳಿಗೆ ಹಾರದಿರಲಿ ಎಂದು ನೋಟಿನ ಮೇಲೊಂದು ಕಲ್ಲು. ಎಲ್ಲ ಗುಡ್ಡೆಯಲ್ಲೂ ಇದ್ದದ್ದು ನಾನೂರೈವತ್ತು ರೂಪಾಯಿಯೇ. ಆದರೂ ಪದ್ಧತಿ ಬಿಡುವುದುಂಟೆ? ಒಬ್ಬ ಬೆನ್ನು ಮಾಡಿ ನಿಂತ. ಕೆಂಪಣ್ಣ ಕಲ್ಲು ಮುಟ್ಟಿ ಮುಟ್ಟಿ "ಇದ್ಯಾರ್ಗೆ?" ಅಂದ. ಎಂಬತ್ತು ಸಲ! ಜನ ಬಿದ್ದು ಬಿದ್ದು ನಕ್ಕರು. ಅಂಥ ಹಬ್ಬವನ್ನು ಊರು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಆದರೆ ವಾರ ಕಳೆಯುವಷ್ಟರಲ್ಲಿ ನಗು ಇಳಿಯಿತು.

ಕುಳ್ಳಯ್ಯ ತನ್ನ ಗುಡ್ಡೆಯನ್ನು ನೇರವಾಗಿ ಸಾರಾಯಿ ಅಂಗಡಿಗೆ ಒಪ್ಪಿಸಿದ. ಅವನ ಹೆಂಡತಿ ಕುಳ್ಳಮ್ಮನಿಗೆ ಆ ನೋಟಿನ ಬಣ್ಣವೂ ಕಾಣಲಿಲ್ಲ. ಊರಿನ ಒಂದೇ ಒಂದು ದಿನಸಿ ಅಂಗಡಿ ಸೋಮಯ್ಯನದು. ಜನರ ಜೇಬು ತುಂಬಿದ್ದು ಕಂಡು ಅವನು ಎಣ್ಣೆಗೂ ಬೆಲ್ಲಕ್ಕೂ ರೂಪಾಯಿ ರೂಪಾಯಿ ಏರಿಸಿದ. ಅಣ್ಣನ ಹಿತ್ತಲ ಕೋಣೆಯಲ್ಲಿ ಒಂಟಿಯಾಗಿದ್ದ ವಿಧವೆ ಪುಟ್ಟತಾಯಮ್ಮನಿಗಂತೂ ಗುಡ್ಡೆಯೇ ಬರಲಿಲ್ಲ. ಯಾಕೆಂದರೆ ಅವಳು ಒಕ್ಕಲಲ್ಲ. ಅಣ್ಣನ ಒಕ್ಕಲಲ್ಲಿ ಸೇರಿದವಳು. ಕೆರೆಯ ಹೂಳು ಎತ್ತುವಾಗ ಆ ಮನೆಯ ಲೆಕ್ಕಕ್ಕೆ ಬಂದು ಮಂಕರಿ ಹೊತ್ತವಳು ಮಾತ್ರ ಅವಳೇ!

ಕೆಂಪಣ್ಣನಿಗೆ ಹಾಲು ಕುಡಿದಷ್ಟು ಖುಷಿ. ಅಂಗನವಾಡಿಯ ಬಾಗಿಲಿಗೇ ಹೋಗಿ ನಿಂತ. "ನೋಡ್ದಾ ಟೀಚರಮ್ಮ? ನಾನೇಳ್ಲಿಲ್ವಾ? ಎಲ್ಲಾರ್ಗೂ ಕೊಟ್ರೆ ಇಂಗೇ ಆಗದು."

"ನಿಜ ಕೆಂಪಣ್ಣನೋರೆ. ತಪ್ಪಾಗದೆ. ಆದ್ರೆ ಎಲ್ಲಾರ್ಗೂ ಎಲ್ ಕೊಟ್ಟೊ? ಎಂಬತ್ತು ಗಂಡಸ್ರಿಗೆ ಕೊಟ್ಟೊ ಅಷ್ಟೇ," ಅಂದಳು ಪಾರ್ವತಮ್ಮ. "ಮೊನ್ನೆ ರೇಡಿಯೋದಲ್ಲಿ ಇದೇ ಮಾತು ಬಂದಿತ್ತು. ದೇಶದಲ್ಲಿರೋ ಪ್ರತಿಯೊಬ್ರಿಗೂ ಸರ್ಕಾರನೇ ತಿಂಗ್ಳು ತಿಂಗ್ಳು ಇಷ್ಟು ಅಂತ ಕೊಟ್ರೆ ಎಂಗೆ ಅಂತ ಓದ್ದೋರು ಚರ್ಚೆ ಮಾಡ್ತಿದ್ರು. ಅಸಿವು ತಪ್ತದೆ, ಎಂಗಸ್ರಿಗೆ ಧೈರ್ಯ ಬತ್ತದೆ, ಲಂಚ ಕೊಡೋದು ತಪ್ತದೆ ಅಂತ ಒಬ್ರು. ಅಷ್ಟು ದುಡ್ಡು ಎಲ್ಲಿಂದ ತರದು, ಬೆಲೆ ಏರ್ತದೆ, ಜನ ಗೇಮೆ ಬುಡ್ತಾರೆ ಅಂತ ಇನ್ನೊಬ್ರು. ಇಬ್ರ ಮಾತೂ ಸುಳ್ಳಲ್ಲ. ಎಂಗೆ ಕೊಡ್ತೀವಿ ಅನ್ನದ್ರ ಮ್ಯಾಲದೆ."

"ದೇಸದ್ ಮಾತು ದೇಸಕ್ಕಿರ್ಲಿ ಬುಡು," ಎಂದು ಕೆಂಪಣ್ಣ ಹೆಗಲ ಟವೆಲ್ಲು ಕೊಡವಿಕೊಂಡು ಮನೆಗೆ ಬಂದ.

ಮನೆಯಲ್ಲಿ ಅವನ ಹೆಂಡತಿ ಸೋಮಮ್ಮ ಹಸುವಿಗೆ ಬೂಸಾ ಕಲಸುತ್ತಿದ್ದಳು. ಕೈ ತೊಳೆದುಕೊಂಡು ಹತ್ತಿರ ಬಂದಳು. "ಕಿಕ್ಕೇರಿಲಿ ನಮ್ಮಕ್ಕನ್ ಮೊಮ್ಮಗ್ಳಿಗೆ ನಾಮಕರಣ. ಬಸ್ಸಿಗೆ, ಮಗೀಗೊಂದು ಅಂಗಿಗೆ ವಸಿ ದುಡ್ಡು ಬೇಕಿತ್ತು."

"ಎಷ್ಟು? ಯಾಕಷ್ಟು? ಓದ್ ತಿಂಗ್ಳು ಕೊಟ್ಟಿದ್ದು ಏನಾಯ್ತು?"

"ಅದು ಜೀರ್ಗೆ ಮೆಣಸಿಗೆ ಆಯ್ತಲ್ಲ. ಆ ಗುಡ್ಡೇಲಿ ನಂದೂ ವಸಿ ಇತ್ತಲ್ವಾ?"

"ನಿಂಗ್ಯಾಕಮ್ಮಿ ದುಡ್ಡು? ಉಂಬಕ್ಕಿಲ್ವಾ? ಉಡಕ್ಕಿಲ್ವಾ? ಐದೆಕರೆ ಯಜಮಾನನ ಎಂಡ್ತಿ ನೀನು!"

ಸೋಮಮ್ಮ ತಿರುಗಿ ಬೂಸಾ ಕಲಸಲು ಹೋದಳು. ಮದುವೆಯಾಗಿ ಮೂವತ್ತು ವರ್ಷ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆಯುವುದು ಅವಳು, ಡೇರಿಗೆ ಹೊರುವುದು ಅವಳು, ವಾರಕ್ಕೊಮ್ಮೆ ಬಟವಾಡೆ ಈಸಿಕೊಳ್ಳುವುದು ಅವನು. ನಾಮಕರಣಕ್ಕೆ ಅವಳು ಹೋಗಲಿಲ್ಲ. ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. ಹೊಗೆಗೆ ಅಂದುಕೊಂಡ ಕೆಂಪಣ್ಣ.

ತಿಂಗಳು ಕಳೆಯಿತು. ಮೀನು ಹಿಡಿದು ಮುಗಿಯಿತು, ದುಡ್ಡಿನ ಎರಡನೇ ಕಂತು ಬಂತು. ಅದೇ ವಾರ ಕೆಂಪಣ್ಣನಿಗೆ ಕಾರ್ಖಾನೆಯಿಂದ ಕಬ್ಬಿನ ಕಟಾವು ಚೀಟಿಯೂ ಬಂತು. ಸೋಮವಾರ, ಮಂಗಳವಾರ ಕಡಿದು ಲಾರಿ ತುಂಬಬೇಕು. ತಪ್ಪಿದರೆ ಸರದಿ ಹಿಂದಕ್ಕೆ ಹೋಗುತ್ತದೆ. ಮೇ ತಿಂಗಳ ಬಿಸಿಲಿಗೆ ಕಬ್ಬು ನಿಂತಲ್ಲೇ ಒಣಗಿ ತೂಕ ಬೀಳುತ್ತದೆ. ಒಂದು ವರ್ಷದ ಬೆವರು ಕಣ್ಣ ಮುಂದೆ ಬೆಂಡಾಗುತ್ತದೆ. ಅವನಿಗೆ ಇನ್ನೊಂದು ಚಿಂತೆಯೂ ಇತ್ತು. ಪ್ರತಿ ವರ್ಷ ಕಬ್ಬು ಕಡಿಯುವ ಗುಂಪಿನ ಮೇಸ್ತ್ರಿ ದ್ಯಾವಯ್ಯ ಯುಗಾದಿಗೆ ಮುಂಚೆ ಬಂದು ಕೈಕಟ್ಟಿ ನಿಂತು ಅಡ್ವಾನ್ಸು ಕೇಳುತ್ತಿದ್ದ. ಈ ವರ್ಷ ಅವನು ಬಂದೇ ಇರಲಿಲ್ಲ.

ಅದಕ್ಕೇ ಎರಡನೇ ಸಲ ಕಟ್ಟೆ ಸೇರಿದಾಗ ಕೆಂಪಣ್ಣ ಸೊಂಟ ಕಟ್ಟಿ ಕೂತಿದ್ದ. ಈ ಸಲ ಕಟ್ಟೆಯ ತುಂಬ ಹೆಂಗಸರು. ಮುಂದಿನ ಸಾಲಿನಲ್ಲಿ, ಸೆರಗು ಬಿಗಿದುಕೊಂಡು, ಅವನ ಸೋಮಮ್ಮ!

ಪಾರ್ವತಮ್ಮ ಹೇಳಿದಳು: "ಮೊದ್ಲು ಕೆರೆ ತೂಬು ರಿಪೇರಿಗೆ ಆರು ಸಾವ್ರ ತೆಗ್ದು ಮಡಗನ. ಎಲ್ಲಾ ಅಂಚ್ಕಂಡು ತೂಬು ಒಡ್ದೋದ್ರೆ ಮುಂದಿನ್ ವರ್ಸ ಮೀನೂ ಇಲ್ಲ, ದುಡ್ಡೂ ಇಲ್ಲ. ಉಳಿದಿದ್ದು ಒಕ್ಕಲಿಗೆ ಅಲ್ಲ, ತಲೆಗೆ. ಅದಿನೆಂಟು ತುಂಬ್ದೋರ್ಗೆಲ್ಲಾ, ಅವ್ರವ್ರ ಕೈಗೆ. ಗಂಡಂದು ಗಂಡನ್ ಕೈಗೆ, ಎಂಡ್ತಿದು ಎಂಡ್ತಿ ಕೈಗೆ. ಅಂಗೆ ದುಡ್ಡು ಕೈಗೆ ಬಂದ್ರೆ ಕಿಕ್ಕೇರಿ ಸಂತೇಲಿ ಸಾಮಾನು ತರನ. ಆಗ ಸೋಮಯ್ಯ ಬೆಲೆ ಇಳಿಸ್ತಾನೋ ಇಲ್ವೋ ನೋಡನ."

"ಉಳ್ಳೋರ್ಗೂ ಕೊಡ್ಬೇಕಾ?" ಎಂದು ಯಾರೋ ಕೇಳಿದರು.

"ಉಳ್ಳೋರು ಯಾರು ಅಂತ ಆರಿಸಕ್ಕೆ ಕೂತ್ರೆ ಇನ್ನೊಂದು ಯುಗಾದಿ ಬತ್ತದೆ," ಎಂದಳು ಪಾರ್ವತಮ್ಮ. "ಆರಿಸೋನ್ಗೆ ಕೈಬಿಸಿ ಬೇರೆ ಮಾಡ್ಬೇಕು. ಉಳ್ಳೋರ್ ಮನೇಲೂ ಕೈ ಬರಿದಾಗಿರೋರು ಇರ್ತಾರೆ."

ಯಾರ ಕಣ್ಣೂ ಸೋಮಮ್ಮನ ಕಡೆ ತಿರುಗಲಿಲ್ಲ. ಕೆಂಪಣ್ಣನ ಕಣ್ಣು ಮಾತ್ರ ತಿರುಗಿತು. ಅವನು ಎದ್ದು ಗುಡುಗಿದ.

"ಸೋಮ್ವಾರ ನನ್ ಕಬ್ಬು ಕಡೀಬೇಕು. ದುಡ್ಡು ಕೈಗೆ ಬಿದ್ಮೇಲೆ ಒಬ್ನೂ ಬರಾಕಿಲ್ಲ, ಬರ್ದು ಮಡಿಕ್ಕಳಿ. ಒಂದ್ ಮಾತು ಏಳ್ತೀನಿ. ಶನಿವಾರ ಅಂಚಿ. ಸೋಮ್ವಾರ ಜನ ಬಂದ್ರೆ ಪ್ರತಿ ವರ್ಸ ಇಂಗೇ ಅಂಚನ, ನಾನೇ ಮುಂದೆ ನಿಂತ್ಕತೀನಿ. ಬರ್ಲಿಲ್ಲ ಅಂದ್ರೆ ಈ ಮಾತ ಈ ಕಟ್ಟೆ ಮ್ಯಾಲೆ ಇನ್ನೊಂದ್ ಸಲ ಯಾರೂ ಎತ್ತಂಗಿಲ್ಲ. ಏನ್ಲಾ ದ್ಯಾವ?"

ಹಿಂದಿನ ಸಾಲಿನಿಂದ ದ್ಯಾವಯ್ಯ "ಆಗ್ಲಿ ಗೌಡ್ರೆ" ಅಂದ. ಅಷ್ಟೇ ಅಂದ.

ಶನಿವಾರ ತಲೆಗೆ ನೂರೈವತ್ತರಂತೆ ಹಂಚಿದರು. ಪುಟ್ಟತಾಯಮ್ಮ ನೋಟು ಈಸಿಕೊಂಡು ಅಲ್ಲೇ ನಿಂತಳು. "ಇದ ಯಾರ್ಗ್ ಕೊಡ್ಬೇಕು?" ಎಂದು ಕೇಳಿದಳು. "ಯಾರ್ಗೂ ಇಲ್ಲ ಕಣಜ್ಜಿ, ನಿಂದೇ" ಎಂದು ಪಾರ್ವತಮ್ಮ ಹೇಳಿದಾಗ ನೋಟನ್ನು ಕಣ್ಣಿಗೊತ್ತಿಕೊಂಡು ಗಳಗಳ ಅತ್ತುಬಿಟ್ಟಳು. ಅಲ್ಲಿದ್ದವರ ಕಣ್ಣೂ ತುಂಬಿ ಬಂತು.

ಭಾನುವಾರ ಮಧ್ಯಾಹ್ನ ಹೊಲದಿಂದ ಬಂದರೆ ಮನೆಯಲ್ಲಿ ಯಾರೂ ಇಲ್ಲ! ಬೆಳಗಿನ ಮುದ್ದೆ ತಣ್ಣಗೆ ಕೂತಿತ್ತು. ಅದನ್ನೇ ನುಂಗಿ ಕೆಂಪಣ್ಣ ಜಗಲಿಯ ಮೇಲೆ ಬುಸುಗುಡುತ್ತ ಕಾದ. ನಾಲ್ಕು ಗಂಟೆಗೆ ಸೋಮಮ್ಮ ಬಂದಳು. ಮುಖವೆಲ್ಲ ಬೆಳಕು. ಜೊತೆಗೆ ಪುಟ್ಟತಾಯಮ್ಮ, ಅವಳ ಕಾಲಲ್ಲಿ ನೀಲಿ ಪಟ್ಟಿಯ ಹೊಸ ಹವಾಯಿ ಚಪ್ಪಲಿ. ಅರವತ್ತು ವರ್ಷಕ್ಕೆ ಮೊದಲ ಚಪ್ಪಲಿ. ನಡೆಯಲು ಬಾರದೆ ಕೋಳಿಯಂತೆ ಕಾಲೆತ್ತಿ ಕಾಲೆತ್ತಿ ಇಡುತ್ತಿದ್ದಳು.

"ಎಲ್ಗಮ್ಮಿ ಓಗಿದ್ದೆ?"

"ಕಿಕ್ಕೇರಿಗೆ. ಮಗೀನ್ ನೋಡ್ದೆ, ಅಂಗಿ ಕೊಟ್ಟೆ. ಆಮೇಲೆ ನಾನೂ ಪುಟ್ಟತಾಯಕ್ಕನೂ ಓಟ್ಲಲ್ಲಿ ಕೂತ್ಕಂಡು ಮಸಾಲೆ ದೋಸೆ ತಿಂದೊ."

"ಓಟ್ಲಲ್ಲಿ? ನೀನು? ಯಾರ್ನ್ ಕೇಳಿ?"

"ಯಾರ್ನೂ ಕೇಳ್ಲಿಲ್ಲ," ಎಂದಳು ಸೋಮಮ್ಮ. ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. "ಅದಕ್ಕೇ ಇರ್ಬೇಕು, ಬೋ ರುಚಿಯಾಗಿತ್ತು!"

ಕೆಂಪಣ್ಣ ಅವಳನ್ನೇ ನೋಡಿದ. ಮೂವತ್ತು ವರ್ಷದಲ್ಲಿ ಅವಳು ಹೀಗೆ ನಕ್ಕಿದ್ದನ್ನು ಅವನು ಎಷ್ಟು ಸಲ ಕಂಡಿದ್ದ? ನೆನಪಿಗೆ ಬರಲಿಲ್ಲ.

ಸೋಮವಾರ ಬಂತು. ಕೋಳಿ ಕೂಗುವ ಹೊತ್ತಿಗೇ ಕೆಂಪಣ್ಣ ಕಬ್ಬಿನ ಗದ್ದೆಯ ಬದುವಿನ ಮೇಲಿದ್ದ. ಆರಾಯಿತು. ಆರೂವರೆಯಾಯಿತು. ಏಳಾಯಿತು. ಒಂದು ನರಪಿಳ್ಳೆಯೂ ಇಲ್ಲ. ಸಂಜೆ ಲಾರಿ ಬರುತ್ತದೆ. ನಾನು ಹೇಳಿದ್ದೇ ಆಯಿತಲ್ಲ ಎಂದು ಒಂದು ಕಡೆ ಗೆದ್ದ ಸಂತೋಷ, ನನ್ನ ಕಬ್ಬು ಹಾಳಾಯಿತಲ್ಲ ಎಂದು ಇನ್ನೊಂದು ಕಡೆ ಹೊಟ್ಟೆಯುರಿ. ಎರಡೂ ಸೇರಿ ಅವನನ್ನು ದ್ಯಾವಯ್ಯನ ಕೇರಿಗೆ ಓಡಿಸಿದವು.

ಅಲ್ಲಿ ನೋಡಿದರೆ ಇಪ್ಪತ್ತು ಜನ ಸಿದ್ಧವಾಗಿ ಕೂತಿದ್ದಾರೆ. ತಲೆಗೆ ಟವೆಲ್ಲು ಸುತ್ತಿದ್ದಾರೆ, ಮಚ್ಚು ಮಸೆದಿದ್ದಾರೆ. ಕುಳ್ಳಯ್ಯ ಕೂಡ ಅವರ ನಡುವೆ ಇದ್ದಾನೆ!

"ಏನ್ಲಾ ದ್ಯಾವ, ಕಾಸು ಸೇರಿ ಸೊಕ್ಕು ಬಂತಾ? ಕೂತಿದ್ದೀರಲ್ಲಾ ಮದ್ವೆಗೆ ಬಂದೋರಂಗೆ!"

ದ್ಯಾವಯ್ಯ ಎದ್ದು ನಿಂತ. ಕೈಕಟ್ಟಲಿಲ್ಲ, ತಲೆಯನ್ನೂ ಕೆರೆಯಲಿಲ್ಲ. "ಬರಾಕಿಲ್ಲ ಅಂದಿಲ್ಲ ಗೌಡ್ರೆ. ದರ ಮಾತಾಡ್ಬೇಕಿತ್ತು, ನೀವ್ ಬತ್ತೀರಿ ಅಂತ ಕಾಯ್ತಿದ್ದೊ. ಪ್ರತಿ ವರ್ಸ ಅಬ್ಬಕ್ಕೆ ನಿಮ್ತಾವ ಅಡ್ವಾನ್ಸ್ ತಕ್ಕತಿದ್ದೊ. ಅದ ತಿಂದ್ಮೇಲೆ ನೀವೇಳಿದ್ದೇ ದರ. ಈ ವರ್ಸ ಅಬ್ಬದ್ ಸಾಲ ಕೆರೆ ದುಡ್ಡಲ್ಲಿ ತೀರ್ತು. ಪಕ್ಕದೂರಲ್ಲಿ ಟನ್ನಿಗೆ ಅತ್ತು ರೂಪಾಯಿ ಜಾಸ್ತಿ ಕೊಡ್ತಾವ್ರೆ. ಅಷ್ಟ ನೀವೂ ಕೊಡಿ. ಈಗ್ಲೇ ಎದ್ವಿ."

"ಅತ್ತು ರೂಪಾಯಾ? ಆಗಾಕಿಲ್ಲ! ಮನೆ ಮಾರಿ ಕೊಡ್ಲಾ?"

"ಅಂಗಾದ್ರೆ ನಾವು ಪಕ್ಕದೂರಿಗೇ ಓಗ್ತೀವಿ ಗೌಡ್ರೆ. ಬೇಜಾರ್ ಮಾಡ್ಕಬ್ಯಾಡಿ."

ಬಿಸಿಲೇರುತ್ತಿತ್ತು. ಕೆಂಪಣ್ಣ ಅತ್ತ ನೋಡಿದ, ಇತ್ತ ನೋಡಿದ. ಅಷ್ಟರಲ್ಲಿ ಸೋಮಮ್ಮ ತಲೆಯ ಮೇಲೆ ಮಂಕರಿ ಹೊತ್ತು ಬಂದಳು. ಕಡಿಯುವವರಿಗೆಂದು ಮುದ್ದೆ ಸಾರು ಮಾಡಿ ಗದ್ದೆಗೆ ಹೋಗಿದ್ದಳು. ಅಲ್ಲಿ ಯಾರೂ ಕಾಣದೆ ಹುಡುಕಿಕೊಂಡು ಬಂದಿದ್ದಳು. ಇಬ್ಬರ ಮಾತನ್ನೂ ಕೇಳಿಸಿಕೊಂಡು ಮಂಕರಿ ಕೆಳಗಿಟ್ಟಳು.

"ಕೊಟ್ಬುಡಿ," ಅಂದಳು ಗಂಡನಿಗೆ.

"ನಿಂಗೇನಮ್ಮಿ ಗೊತ್ತು ಯವಾರ?"

"ಯವಾರ ಗೊತ್ತಿಲ್ಲ. ಕೈ ಬರಿದಾಗಿದ್ರೆ ಬಾಯಿ ಕಟ್ತದೆ ಅನ್ನದು ಗೊತ್ತು. ಮೂವತ್ತು ವರ್ಸ ನಾನೂ ದರ ಮಾತಾಡ್ದೆ ಗೇಯ್ದಿದ್ದೀನಿ. ಇವ್ರು ಗೇಯಾಕಿಲ್ಲ ಅಂತಾವ್ರಾ? ನ್ಯಾಯ ಕೇಳ್ತಾವ್ರೆ. ಮಾತಾಡೋ ಸಕ್ತಿ ಬಂದದೆ, ಅದ ಸೊಕ್ಕು ಅಂತೀರಲ್ಲಾ!"

ಕೆಂಪಣ್ಣ ಹೆಂಡತಿಯ ಮುಖ ನೋಡಿದ. ಅವತ್ತು ಒಲೆಯ ಮುಂದೆ ಅವಳ ಕಣ್ಣಲ್ಲಿ ನೀರು ಬಂದದ್ದು ಹೊಗೆಗಲ್ಲ ಎಂದು ಅವನಿಗೆ ಆಗ ಹೊಳೆಯಿತು. ನಾಚಿಕೆಯಾಯಿತು.

"ಎದ್ದೇಳ್ರಲಾ," ಅಂದ, ಗಂಟಲು ತಗ್ಗಿಸಿ. "ಅತ್ತು ರೂಪಾಯಿ ಜಾಸ್ತಿನೇ ಕೊಡ್ತೀನಿ. ಮೊದ್ಲು ಉಣ್ಣಿ. ಉಂಡು ಬನ್ನಿ."

ಅಬ್ಬಬ್ಬಾ, ಅವತ್ತು ಕಬ್ಬು ಕಡಿದದ್ದನ್ನು ನೋಡಬೇಕಿತ್ತು! ಬೇರೆ ವರ್ಷ ಮೂರು ದಿನ ಎಳೆಯುತ್ತಿದ್ದ ಕೆಲಸ ಎರಡೇ ದಿನಕ್ಕೆ ಮುಗಿಯಿತು. ಬುಡಕ್ಕೆ ಸೇರಿಸಿ ಕಡಿದರು, ಮೋಟು ಉಳಿಸಲಿಲ್ಲ. ಮಂಗಳವಾರ ಸಂಜೆ ಕೊನೆಯ ಲಾರಿ ಹೊರಟಾಗ ಹುಡುಗಿಯರು ಅದರ ಹಿಂದೆ ಸ್ವಲ್ಪ ದೂರ ಓಡಿ, ತಲಾ ಒಂದು ಜಲ್ಲೆ ಎಳೆದುಕೊಂಡರು. ಕೆಂಪಣ್ಣ ಬೈಯಲಿಲ್ಲ.

ಹಾಗೆಂದು ಎಲ್ಲವೂ ಬಂಗಾರವಾಯಿತು ಎನ್ನುವುದು ಸುಳ್ಳು. ಕುಳ್ಳಯ್ಯ ತನ್ನ ಪಾಲಿನ ಅರ್ಧ ಕುಡಿದೇ ಕುಡಿದ. ಆದರೆ ಕುಳ್ಳಮ್ಮನ ಪಾಲು ಅವಳ ಮಡಿಲಲ್ಲೇ ಇತ್ತು. ಮನೆಗೆ ರಾಗಿ ಬಂತು. ಸೋಮಯ್ಯ ಬೆಲೆ ಇಳಿಸಿದ, ಪೂರ್ತಿ ಇಳಿಸಲಿಲ್ಲ. ಕೆಂಪಣ್ಣನಿಗೆ ಕೂಲಿಯ ಖರ್ಚು ನಿಜವಾಗಿಯೂ ಜಾಸ್ತಿಯಾಯಿತು. ಅದನ್ನು ಅವನು ಇವತ್ತಿಗೂ ಹೇಳಿಕೊಳ್ಳುತ್ತಾನೆ. ಮಳೆ ಕೈಕೊಟ್ಟ ವರ್ಷ ಮೀನೂ ಕಮ್ಮಿ, ಪಾಲೂ ಕಮ್ಮಿ. ಇದನ್ನೇ ನಂಬಿ ಯಾರೂ ಬಾಳಲಾಗುವುದಿಲ್ಲ ಎಂದು ಪಾರ್ವತಮ್ಮನೇ ಎಲ್ಲರಿಗೂ ಬಿಡಿಸಿ ಹೇಳಿದಳು.

ಬುಧವಾರ ಊರು ಮತ್ತೆ ಕಟ್ಟೆ ಸೇರಿತು. ಕೆಂಪಣ್ಣ ಏನು ಹೇಳುತ್ತಾನೋ ಎಂದು ಎಲ್ಲರಿಗೂ ಕುತೂಹಲ.

"ಮಾತು ಕೊಟ್ಟಿದ್ದೆ," ಎಂದು ಅವನು ಎದ್ದ. "ಜನ ಬಂದ್ರು. ವಸಿ ಒತ್ತಾಗಿ ಬಂದ್ರು, ನನ್ ಜೇಬು ವಸಿ ಅಗುರ ಮಾಡಿ ಬಂದ್ರು. ಆದ್ರೂ ಬಂದ್ರು. ಇನ್ಮುಂದೆ ಪ್ರತಿ ವರ್ಸ ಮೊದ್ಲು ತೂಬಿಗೆ, ಆಮೇಲೆ ತಲೆಗೊಂದು ಪಾಲು, ಅವ್ರವ್ರ ಕೈಗೆ. ಒಂದೇ ಒಂದು ಬದ್ಲಾವಣೆ. ನಂಗ್ ಬ್ಯಾಡ. ನನ್ ಪಾಲ ತೂಬಿಗೇ ಆಕ್ಬುಡಿ."

ಜನ ಚಪ್ಪಾಳೆ ಹೊಡೆದರು. ಪಾರ್ವತಮ್ಮ ಕೈಯಲ್ಲಿದ್ದ ಪಟ್ಟಿಯಿಂದ ತಲೆ ಎತ್ತಿ ಕೇಳಿದಳು: "ಸೋಮಕ್ಕನ್ ಪಾಲೂ ತೂಬಿಗೆ ಬರ್ಕಳ್ಳಾ ಕೆಂಪಣ್ಣನೋರೆ?"

ಕೆಂಪಣ್ಣ ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿದ.

"ಅದ ನನ್ನ ಯಾಕ್ ಕೇಳ್ತೀಯವ್ವಾ?" ಎಂದ. "ಅಲ್ಲೇ ಕೂತವ್ಳಲ್ಲ, ಅವ್ಳ್ನೇ ಕೇಳು."

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ನಿಮ್ಮ ಊರಿನಲ್ಲೂ ಊರೊಟ್ಟಿನದು ಅಂತ ಏನಾದರೂ ಇದ್ದೇ ಇರುತ್ತದೆ. ಕೆರೆಯೋ, ಹುಣಸೆ ತೋಪೋ, ಸಂತೆ ಮೈದಾನವೋ. ಅದರ ದುಡ್ಡು ಬಂದಾಗ ಕಟ್ಟೆಯ ಮೇಲೆ ಎಲ್ಲರೂ ಕೂತು ಮಾತಾಡಿ. ಹಂಚಿದರೆ ಆಗುವ ಒಳ್ಳೆಯದನ್ನೂ ಹೇಳಿ, ಕೆಟ್ಟದ್ದನ್ನೂ ಮುಚ್ಚಿಡಬೇಡಿ. ನಾಳೆಗೆ ಬೇಕಾದ್ದನ್ನು ಮೊದಲು ತೆಗೆದಿಡಿ. ಹಿತ್ತಲ ಕೋಣೆಯಲ್ಲಿ ಲೆಕ್ಕಕ್ಕೆ ಬಾರದೆ ಉಳಿದವರು ಯಾರಿದ್ದಾರೆ ಎಂದು ಹೋಗಿ ನೋಡಿ. ದೇಶದ ಜನಕ್ಕೆಲ್ಲ ಹೀಗೆ ಕೊಡಬೇಕೋ ಬೇಡವೋ ಎಂಬ ದೊಡ್ಡ ಮಾತು ಬಂದಾಗಲೂ ಹೀಗೆಯೇ ತೂಗಿ ನೋಡಿ, ಆಮೇಲೆ ನಿಮ್ಮ ಅಭಿಪ್ರಾಯ ಹೇಳಿ. ಅಲ್ಲಿಯವರೆಗೂ ಕಾಯಬೇಕಾಗಿಲ್ಲ. ಇವತ್ತು ಈ ಹಾಳೆಯನ್ನು ಮಡಿಸಿಡುವ ಮೊದಲು ನಿಮ್ಮ ಮನೆಯೊಳಗೆ ಒಂದು ಸಲ ಕೇಳಿ: ಈ ಮನೆಯಲ್ಲಿ ದುಡಿಯುವವರು ಎಷ್ಟು ಜನ, ಅವರಲ್ಲಿ ಎಷ್ಟು ಜನರ ಕೈಯಲ್ಲಿ ಅವರದೇ ದುಡ್ಡಿದೆ?